ಮಾಲೀಕನ ಒಪ್ಪಿಗೆ

ಗ್ರಿಮ್ಸ್‌ಬಿಯ ಹಳೇ ಮೀನುಬಂದರಿನ ಹಿಂದೆ
ನನ್ನದೊಂದು ಅಂಗಳವಿದೆ.
ಮೀನಿಗೆ ಹೊಗೆ ಹಾಕುತ್ತಿದ್ದ ಗೂಡು
ತಣ್ಣಗಾಗಿ ಹನ್ನೊಂದು ವರ್ಷ.
ಮಳೆಗೆ ಮುಂಚೆ ಇಟ್ಟಿಗೆ ಈಗಲೂ ಬೆವರುತ್ತದೆ
ಹೆರಿಂಗ್ ಮೀನಿನ ಎಣ್ಣೆ.
ಇಲ್ಲಿಗೆ ಏನನ್ನಾದರೂ ಕೇಳಿಕೊಂಡು ಯಾರೂ ಬಂದದ್ದಿಲ್ಲ,
ಬಂದರೆ ಬಾಕಿ ಕೇಳಿಕೊಂಡು.

ಒಂದು ಭಾನುವಾರ ದಾನುತೆ ಬಂದಳು,
ಲಿಥುವೇನಿಯಾದವಳು,
ಕಾರ್ಖಾನೆಯಲ್ಲಿ ಮೀನಿನ ಮುಳ್ಳು ಬಿಡಿಸುವವಳು.
ಪಕ್ಕದಲ್ಲಿ ಆ ಸ್ಕೂಟರ್: ನಿಂತೇ ಓಡಿಸುವಂಥದ್ದು,
ಸೀಟಿಲ್ಲ, ಸದ್ದಿಲ್ಲ,
ಬೊಗಳಬೇಕೋ ಬೇಡವೋ ನಾಯಿಗೂ ತಿಳಿಯದಂಥದ್ದು.
ಪೊಲೀಸಿನವಳು ತಡೆದಳಂತೆ. ಒಳ್ಳೆಯ ಮಾತಲ್ಲೇ ಹೇಳಿದಳಂತೆ:
ರಸ್ತೆಯಲ್ಲಿ ಇಲ್ಲ. ಫುಟ್‌ಪಾತಿನಲ್ಲಿ ಇಲ್ಲ.
ಸೈಕಲ್ ದಾರಿ, ಪಾರ್ಕು, ಕಡಲ ದಂಡೆ, ಅಲ್ಲೂ ಇಲ್ಲ.
ಮತ್ತೆ ಅಂಗಡಿಯವನು ಮಾರಿದನಲ್ಲ?
ಮಾರಬಹುದು. ಕೊಳ್ಳಬಹುದು. ಮನೆಯಲ್ಲಿಟ್ಟು ಒರೆಸಬಹುದು.
ಓಡಿಸಬೇಕೆಂದರೆ ಖಾಸಗಿ ನೆಲ,
ಆ ನೆಲದ ಮಾಲೀಕನ ಒಪ್ಪಿಗೆ.

"ಇದು ನಿಮ್ಮ ನೆಲವಲ್ಲವೇ?" ಎಂದಳು.
ನಲವತ್ತು ವರ್ಷ ಇದಕ್ಕೆ ತೆರಿಗೆ ಕಟ್ಟಿದವನು
ಅವತ್ತು ಮೊದಲ ಸಲ ಮಾಲೀಕನಾದೆ.
ಹಳೇ ರಸೀದಿಯ ಬೆನ್ನಿಗೆ ಬರೆದುಕೊಟ್ಟೆ:
ಆಲ್ಬನ್ ಥೋರ್ಸ್‌ಬಿ ಎಂಬ ನಾನು ಒಪ್ಪಿರುತ್ತೇನೆ.

ಚರಂಡಿಯ ಬಾಯಿಗೆ ಕಬ್ಬಿಣದ ತಟ್ಟೆ ಮುಚ್ಚಿದೆ.
ಉಪ್ಪು ತಿಂದು ಗುಳಿಬಿದ್ದಲ್ಲಿ ಸಿಮೆಂಟು.
ಮೂಲೆಗೆ ಸುಣ್ಣದ ಗೆರೆ, ಗೆರೆಗೊಂದು ದೀಪ.
ಹೆಲ್ಮೆಟ್ ಇಲ್ಲದೆ ಕಾಲಿಡಬೇಡ ಎಂದೆ, ಮಾಲೀಕನ ಗತ್ತಿನಲ್ಲಿ.
ಸುತ್ತಿದಳು, ಸುತ್ತಿದಳು. ಗಾಣದೆತ್ತು ಎಂದುಕೊಂಡೆ.
ಆದರೆ ಗಾಣದೆತ್ತು ನಗುವುದಿಲ್ಲ.

ಸುತ್ತಿಗೆ ಅರವತ್ತು ಮೀಟರ್.
ಎಂಬತ್ತು ಸುತ್ತು ಎಣಿಸಿ ಇಳಿದು
"ಕಾರ್ಖಾನೆ ಬಂತು" ಎಂದಳು.
ಬೆಳಗಿನ ಜಾವ ಮೂರೂವರೆಗೆ, ಬಸ್ಸಿಲ್ಲದ ಹೊತ್ತಿನಲ್ಲಿ,
ಅಷ್ಟು ದೂರ ಅವಳು ದಿನಾ ನಡೆಯುತ್ತಾಳಂತೆ.

ಆ ರಾತ್ರಿ ನಿದ್ದೆ ಹತ್ತಲಿಲ್ಲ. ಊರಿನ ನಕ್ಷೆ ಹರಡಿ ಕೂತೆ.
ನನ್ನ ಹಿಂಬದಿ ಗೇಟಿನಾಚೆ ವಿನಿಫ್ರೆಡ್ ಪ್ಯಾಟನ್ನಳ ಮರದ ಅಡ್ಡೆ,
ಅದರಾಚೆ ಬೀಗ ಜಡಿದ ಚಾಪೆಲಿನ ಹಿಂಬಯಲು,
ಐಸ್ ಕಾರ್ಖಾನೆಯ ಖಾಲಿ ಶೆಡ್ಡು,
ಹಿಂದೆ ಹಡಗಿನ ಹಗ್ಗ ಹೊಸೆಯುತ್ತಿದ್ದ ಉದ್ದನೆಯ ಓಣಿ.
ಬೇಲಿ ಇರಬೇಕು, ಜನ ಓಡಾಡುವ ಜಾಗವಾಗಿರಬಾರದು:
ಠಾಣೆಗೇ ಹೋಗಿ ಕೇಳಿ ಬಂದೆ.
ತುಂಡು ತುಂಡು ಸೇರಿಸಿ ಹೊಲಿದರೆ ಕೌದಿಯಾದೀತು.

ವಿನಿಫ್ರೆಡ್ ಹೂಂ ಅಂದಳು, ಚಹಾ ಕೊಟ್ಟಳು.
ಚಾಪೆಲಿನವರು ಸಭೆ ಸೇರಿದರು, ಮೂರು ವಾರ.
ಹಗ್ಗದ ಓಣಿಯ ಗಿಲ್ಬಿ ಮೂವತ್ತು ವರ್ಷದ ಹಿಂದಿನ
ಪೆಟ್ಟಿಗೆಗಳ ಜಗಳ ತೆಗೆದ, ಬಾಯಿಗೆ ಬಂದಂತೆ ಬೈದ,
ಬೈದು ದಣಿದು ಬೀಗದ ಕೈ ಕೊಟ್ಟ.
ಕೊನೆಯ ಗೋದಾಮಿಗೆ ಮಾತ್ರ ಮಾಲೀಕ ಸಿಗಲಿಲ್ಲ.
ಯಾವುದೋ ದ್ವೀಪದ ಅಂಚೆಪೆಟ್ಟಿಗೆಯ ವಿಳಾಸ.
ಎರಡು ಪತ್ರ ಹಾಕಿದೆ.
ದ್ವೀಪ ಮಾತಾಡಲಿಲ್ಲ.

ಈಗ ಅವಳ ಸೊಂಟದಲ್ಲಿ ಐದು ಬೀಗದ ಕೈ.
ನೆಲ ನೆಲದ ನಡುವೆ ರಸ್ತೆ ಅಡ್ಡ ಬಂದರೆ
ಹೊಳೆಗೆ ಬಂದವಳ ಹಾಗೆ ಇಳಿದು,
ಎಡಕ್ಕೆ ಬಲಕ್ಕೆ ನೋಡಿ,
ಕೈಯಲ್ಲಿ ಎತ್ತಿಕೊಂಡು ದಾಟುತ್ತಾಳೆ.
ಕೊನೆಯ ಬೇಲಿಯಲ್ಲಿ ಮಡಚಿ ಹೆಗಲಿಗೇರಿಸಿ
ಗೋದಾಮನ್ನು ಬಳಸಿ ನಡೆಯುತ್ತಾಳೆ.

ನನ್ನ ಗೇಟಿನ ಕೀಲಿಗೆ ನಾನು ಎಣ್ಣೆ ಹಾಕಿಲ್ಲ, ಬೇಕಂತಲೇ.
ಮೂರು ಗಂಟೆಗೆ ಕಿರ್ ಎನ್ನುತ್ತದೆ.
ಮೊದಲು ಮೂರೂವರೆಗೆ ಹೊರಡುತ್ತಿದ್ದವಳು!
ಬೀಗ ತೆಗೆದು, ಹಾಕಿ, ತೆಗೆದು, ಹಾಕಿ,
ನಡೆದದ್ದಕ್ಕಿಂತ ಅರ್ಧ ಗಂಟೆ ಹೆಚ್ಚು.

"ಹಾಗಾದರೆ ಯಾಕಮ್ಮ ಇಷ್ಟೆಲ್ಲ?" ಎಂದೆ ಒಂದು ದಿನ.

ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತ,
"ಹಗ್ಗದ ಓಣಿಯಲ್ಲಿ ತಿರುವಿಲ್ಲ"
ಎಂದಳು.