ಕೀಲಿಕೈ

ಹೆಡ್ ಮಾಸ್ತರ ಖೋಲ್ಯಾಗ, ಕಪಾಟಿನ ಮಗ್ಗಲಿಗೆ
ಒಂದು ಮೊಳಿ.
ಮೊಳಿಗೆ ಹಸರು ದಾರ, ದಾರಕ್ಕೊಂದು ಕೀಲಿಕೈ.
ಹೆಣ್ಣುಮಕ್ಕಳ ಪಾಯಖಾನಿದು.

ನಾವು ನೂರಾ ನಲವತ್ತಾರು ಮಂದಿ.

ಬೇಕಂದ್ರ ಕೇಳಬೇಕು.
ಕೇಳಾಕ ಬಾಗಲದಾಗ ನಿಂದ್ರಬೇಕು.
ಒಳಗ ಹಾದಿಮನಿ ಸರ್ ಚಾ ಕುಡೀತಿರತಾರ,
ಎಸ್‌ಡಿಎಂಸಿ ಅಧ್ಯಕ್ಷರು ಕಾಲಮ್ಯಾಲ ಕಾಲ ಹಾಕಿರತಾರ,
ಬಿ ಸೆಕ್ಷನ್ ಹುಡುಗ್ರು ಚಾಕ್‌ಪೀಸಿಗೆ ಪಾಳಿ ಹಚ್ಚಿರತಾರ.
"ಏನವಾ?"
ಎಲ್ಲಾರೂ ಒಮ್ಮೆಲೇ ತಲಿ ಎತ್ತತಾರ.
ಏನಿಲ್ರಿ ಸರ್,
ಡಸ್ಟರ್ ಬೇಕಾಗಿತ್ತು.

ನಮ್ಮ ಕ್ಲಾಸಿನ್ಯಾಗ ಈಗ ನಾಕು ಡಸ್ಟರ್ ಅದಾವ.

ಅದಕ್ಕ ನಾವು ನೀರು ಕುಡಿಯೂದಿಲ್ಲ.
ಮುಂಜಾನೆ ಕೊಡೋ ಹಾಲು ಎರಡು ಗುಟುಕು,
ಉಳಿದದ್ದು ಪೇರಲ ಗಿಡದ ಬುಡಕ್ಕ.
ಸಾಲ್ಯಾಗ ಸೊಂಪಾಗಿ ಬೆಳದದ್ದು ಅದೊಂದ.

ವಿಜ್ಞಾನದ ಅಕ್ಕೋರು ಮೂತ್ರಪಿಂಡದ ಚಿತ್ರ ತಗದು
ದಿನಕ್ಕ ಎಂಟು ಲೋಟ, ಅಂದ್ರು.
ಕಡೀ ಬೆಂಚಿನ ರುಕ್ಸಾರ ತಲಿ ಬಗ್ಗಿಸಿ ನಕ್ಕಳು.
ಅಕ್ಕೋರೂ ಕುಡಿಯೂದಿಲ್ಲ, ನಾ ನೋಡೇನಿ.
ಅವರ ಬಾಟ್ಲಿ ತೆರಿಯೂದು ಸಂಜಿಮುಂದ,
ಹಾವೇರಿ ಬಸ್ ಹತ್ತಿದಮ್ಯಾಲ.

ಜುಲೈದಾಗ ಸಾಲಿ ಸಂಸತ್ತಿನ ಚುನಾವಣಿ ಆತು.
ಕ್ರೀಡಾಕ್ಕ ಜಗಳ, ಸಂಸ್ಕೃತಿಗೆ ಜಗಳ,
ಯಾರೂ ಒಲ್ಲೆ ಅಂದ ಖಾತೆ ನನಗ ಬಂತು:
ಸ್ವಚ್ಛತಾ ಮಂತ್ರಿ.
ಬ್ಯಾಡ್ಜ್ ಕೊಟ್ರು. ಪ್ರಮಾಣವಚನ ಮಾಡಿಸಿದ್ರು.
ಮೊಳಿ ಮಾತ್ರ ಅಲ್ಲೇ ಇತ್ತು.

ಸಂಕ್ರಮಣ ದಾಟಿತಂದ್ರ ಬ್ಯಾಡಗಿ ಪ್ಯಾಟಿಗೆ ಕೆಂಪು ಏರತೈತಿ.
ಗಾಳಿ ತಿರುಗಿದ ದಿನ ಯಾರ್ಡಿನ ಘಾಟು
ಕಿಡಕಿ ಹಾದು ಬಂದು ಭೂಗೋಳದ ನಡುವ ಕುಂದರತೈತಿ.
ಒಬ್ಬಾಕಿ ಸೀನಿದ್ರ ಸಾಲೇ ಸೀನತೈತಿ.
ಐತವಾರ ನಾವು ಅವ್ವಂದಿರ ಕೂಡ
ಮೆಣಸಿನಕಾಯಿ ತುಂಬು ಬಿಡಸಾಕ ಹೋಗತೀವಿ, ಕಿಲೋಕ್ಕಿಷ್ಟು ಅಂತ.
ಸ್ವಾಮಾರ ಟೆಸ್ಟಿನ್ಯಾಗ ಬೆರಳು ಉರಿ.
ಪೆನ್ನು ಉರಿ, ಕಂಪಾಸ್ ಉರಿ,
ಪೈಥಾಗೊರಸ್ಸನ ಮೂರೂ ಬಾಹು ಉರಿ.

ಅಂಥಾ ಒಂದು ಸ್ವಾಮಾರ
ಎಂಟನೇತ್ತದ ರೋಹಿಣಿ ಲಮಾಣಿ ಬೆಂಚಿನಿಂದ ಏಳಲಿಲ್ಲ.
ಊಟದ ಗಂಟಿ ಹೊಡೀತು, ಏಳಲಿಲ್ಲ.
ಅನ್ನ ಸಾಂಬಾರದ ವಾಸನಿ ವರಾಂಡಾ ತುಂಬ ಬಂತು, ಏಳಲಿಲ್ಲ.
ಬಿಡೂ ಗಂಟಿ ಹೊಡದು ಎಲ್ಲಾರೂ ಹ್ವಾದಮ್ಯಾಲ
ಸ್ವೆಟರ್ ಸೊಂಟಕ್ಕ ಕಟಗೊಂಡು, ಗ್ವಾಡಿ ಹಿಡಕೊಂಡು ಹ್ವಾದಳು.
ಬೆಂಚು ತೊಳದವರು ನಾನು, ರುಕ್ಸಾರ, ಗಂಗಮಾಳವ್ವ.
ಒಂಬತ್ತು ದಿನ ಆಕಿ ಸಾಲಿಗೆ ಬರಲಿಲ್ಲ.

ಹತ್ತನೇ ದಿನ ನಾನು ಬಾಗಲದಾಗ ನಿಂತೆ.
"ಏನವಾ?"
ಕೀಲಿಕೈ ಬೇಕ್ರಿ ಸರ್.
ಹಾದಿಮನಿ ಸರ್ ಚಾದಾಗ ಮುಖ ಹುದುಗಿಸಿದ್ರು.
ಹುಡುಗ್ರು ಚಾಕ್‌ಪೀಸ್ ಎಣಸಾಕ ಹತ್ತಿದ್ರು.
ಇಷ್ಟ ಇತ್ತು ನೋಡ್ರಿ, ಏಳು ತಿಂಗಳ ಅಂಜಿಕಿ.

ಬೋರಿನ ಹಿಂದ ಕುಂತು
ಕೆಂಪು ಸಾಬೂನಿನ ಮ್ಯಾಲ ಅದನ್ನ ಒತ್ತಿದ್ವಿ,
ಸಿನಿಮಾದ ಕಳ್ಳರ ಹಂಗ.
ತುಂಬಿನ ರೊಕ್ಕ ಕೂಡಿಸಿದ್ರ ಎಂಬತ್ತು ರೂಪಾಯಿ.
ಬಸ್‌ಸ್ಟ್ಯಾಂಡ್ ಮುಂದ ಕೊಡಿ ರಿಪೇರಿ ಮಾಡೋ ಚಾಚಾ
ಅಚ್ಚು ಬೆಳಕಿಗೆ ಹಿಡದು ಕೇಳಿದ,
"ಯಾ ತಿಜೋರಿದ್ದಬೇ ಇದು?"
"ನಮ್ಮದ," ಅಂದಳು ರುಕ್ಸಾರ.
ಆಂವ ಕಾನಸು ಹಾಕಿ ತಿಕ್ಕಿ, ಮತ್ತ ತಿಕ್ಕಿ,
ಅರವತ್ತ ತಗೊಂಡ.
ಉಳದ ಇಪ್ಪತ್ತಕ್ಕ ಒಂದು ಮಗ್ಗು.

ಒಳಗ ಲೈಟಿಲ್ಲ. ನಳಕ್ಕ ನೀರಿಲ್ಲ,
ಬಕೀಟು ನಾವ ಹೊರತೀವಿ.
ಯಾವಾಕ್ಯೋ ಗ್ವಾಡಿಮ್ಯಾಲ ಮೂರರ ಮಗ್ಗಿ ಬರದಾಳ,
ಮೂರ ಏಳಲೆ ಇಪ್ಪತ್ತೆರಡು.
ಮೊದಲ ದಿನ ಚಿಲಕ ಹಾಕಿ ಸುಮ್ಮ ನಿಂತೆ.
ಯಾರೂ ನನ್ನ ನೋಡದ ಜಾಗಾ
ಈ ಸಾಲ್ಯಾಗ ಇದೊಂದ ಇತ್ತು,
ಅದಕ್ಕೂ ಇಷ್ಟು ದಿನ ಕೀಲಿ.

ಈಗ ಅದು ರೋಹಿಣಿ ಕಂಪಾಸ್ ಪೆಟಗ್ಯಾಗ ಇರತೈತಿ,
ಕೋನಮಾಪಕದ ಕೆಳಗ.
ನಮ್ಮ ಪರೀಕ್ಷಾ ಇನ್ನ ಹದಿನೆಂಟು ದಿನ.

ಹೆಡ್ ಮಾಸ್ತರು ಮೊನ್ನೆ ಪ್ರಾರ್ಥನಿ ಮುಗದಮ್ಯಾಲ ಕರದು ಕೇಳಿದ್ರು,
"ಅಲ್ಲವಾ, ಈಗೀಗ ಡಸ್ಟರ್ ಕೇಳಾಕ
ಯಾರೂ ಬರೂದಿಲ್ಲಲ್ಲ?"
ಸಾಕಷ್ಟು ಅದಾವ್ರಿ ಸರ್, ಅಂದೆ.
ಅವರು ಮೊಳಿ ಕಡೆ ನೋಡಿದ್ರು, ನನ್ನ ಕಡೆ ನೋಡಿದ್ರು,
ಹೋಗವಾ, ಅಂದ್ರು.

ಪೇರಲ ಗಿಡ ಮಾತ್ರ
ಈ ಸಲ ಸ್ವಲ್ಪ ಬಾಡೇತಿ.