ಗೆರೆ ಎಳೆದವನು

ಬೆಳಗಿನ ಜಾವ ನಾಲ್ಕಕ್ಕೆ ಆರ್ಕನ್ಸಾ ನಕ್ಷೆಯ ಮೇಲೆ
ಕಿತ್ತಳೆ ಬಳಿದು ಗೆರೆ ಎಳೆದೆ.
ಕೈ ಎಲ್ಲಿ ನಿಂತಿತೋ ಅಲ್ಲಿಗೆ ಕಿತ್ತಳೆ ಮುಗಿದು
ಹಳದಿ ಶುರು.

ಆರೂವರೆಗೆ ಮೊದಲ ಫೋನು. ಇಮೋಜೀನ್ ಟ್ಯಾಕೆಟ್,
ಎಂಬತ್ತೊಂದು ವರ್ಷ, ತಗಡಿನ ಟ್ರೇಲರ್ ಮನೆ.
"ಟೀವಿ ನೋಡಿದೆ ಮಗಾ. ನಿನ್ನ ಗೆರೆ
ನಮ್ಮ ಅಂಚೆಕಚೇರಿಗೂ ಸ್ಮಶಾನಕ್ಕೂ ನಡುವೆ ಹಾದಿದೆ.
ನಾನು ಯಾವ ಬಣ್ಣ?"

ಏನು ಹೇಳಲಿ?
ಟೆಕ್ಸಸ್ ಕಡೆಯ ಒಣ ಬಿಸಿ, ಕೊಲ್ಲಿಯ ಒದ್ದೆ ಸೆಕೆ,
ಎರಡೂ ಮಧ್ಯಾಹ್ನ ಮೂರರ ಹೊತ್ತಿಗೆ
ಒಂದೇ ಬಾಗಿಲಲ್ಲಿ ನುಗ್ಗುತ್ತವೆ.
ಅಷ್ಟು ಗೊತ್ತು.
ಯಾರ ಬಾಗಿಲು, ಅದು ಗೊತ್ತಿಲ್ಲ.

"ಚರ್ಚಿನ ನೆಲಮಾಳಿಗೆಗೆ ಎರಡು ಗಂಟೆಗೇ ಹೋಗಿಬಿಡಿ,
ಗಟ್ಟಿ ಷೂ ಹಾಕಿಕೊಳ್ಳಿ" ಅಂದೆ.
"ಅಲ್ಲಿ ನಾಯಿ ಬಿಡೋದಿಲ್ಲ."
ಫೋನಿಟ್ಟಳು.

ಮೂರು ಹತ್ತಕ್ಕೆ ರೇಡಾರಿನಲ್ಲಿ ಒಂದು ಕೊಕ್ಕೆ.
ಗಾಳಿ ಹೀಗೆ ಗಾಳವಾಗುವುದನ್ನು
ಹನ್ನೊಂದು ವರ್ಷದಿಂದ ನೋಡುತ್ತಿದ್ದೇನೆ,
ಇನ್ನೂ ಅಂಗೈ ಬೆವರುತ್ತದೆ.
ಇಳಿದದ್ದು ಹಳದಿಯೊಳಗೆ,
ನನ್ನ ಗೆರೆಯಿಂದ ನಾಲ್ಕು ಮೈಲಿ ಆಚೆ,
ಯಾರೂ ಷೂ ಹಾಕಿಕೊಳ್ಳದೆ ಕೂತಿದ್ದ ಕಡೆ.

ರಾತ್ರಿ ಒಂಬತ್ತಕ್ಕೆ ಮತ್ತೆ ಅವಳೇ.
ನಾಯಿಗೆ ಕಂಬಳಿ ಸುತ್ತಿ, ಎದೆಗವಚಿಕೊಂಡು,
ಕೂಸು ಮಲಗಿದೆ ಅಂದಳಂತೆ ಬಾಗಿಲಲ್ಲಿ.
ಪಾದ್ರಿ ಬಾಲ ನೋಡಿದರೂ
ಬಾಯಿ ಬಿಡಲಿಲ್ಲವಂತೆ.
ನಾನು ನಕ್ಕೆ. ಅವಳು ನಗಲಿಲ್ಲ.

"ನನ್ನ ಮನೆಯ ಒಂದು ತಗಡೂ ಅಲುಗಿಲ್ಲ ಮಗಾ.
ನೀನು ಬಳಿದದ್ದು ಸರಿಯಾಗಿಯೇ ಇತ್ತು ಅನ್ನು.
ಆಚೆ, ಹಳದಿಯಲ್ಲಿ,
ಲವೆಲ್‌ನ ಕೋಳಿ ಫಾರಂ ಇತ್ತು."

ಇತ್ತು, ಅಂದಳು.
ಆಮೇಲೆ ಬರೀ ಅವಳ ಉಸಿರು,
ಅದರ ಹಿಂದೆ ನಾಯಿಯದು.