ಎಳೆಯವು: ಹನ್ನೊಂದು

ಇಳಿತದ ಹೊತ್ತು. ತೂಬ್ಲಿ ಕೊಲ್ಲಿಯ ನೀರು
ಚಾಪೆ ಸುತ್ತಿದ ಹಾಗೆ ಹಿಂದೆ ಸರಿದು
ಕೆಸರು ಬಿಸಿಲಿಗೆ ಮೈ ಕೊಟ್ಟಿದೆ.
ರಾತ್ರಿಪಾಳಿ ಮುಗಿದರೂ ಕೊಳಚೆ ಶುದ್ಧಿಯ ಪಂಪು
ಕಿವಿಯೊಳಗೆ ಇನ್ನೂ ಗುಂಯ್‌ಗುಡುವಾಗ
ನಾನಿಲ್ಲಿ, ಮುಕ್ಕಾಲಿಗೆ ಕೂರಿಸಿದ ದುರ್ಬೀನಿನ ಹಿಂದೆ.
ಪಕ್ಕದಲ್ಲಿ ಉಸ್ತಾದ್ ಹಬೀಲ್, ನಿವೃತ್ತ ಗಣಿತದ ಮೇಷ್ಟ್ರು,
ತೊಡೆಯ ಮೇಲೆ ಗೆರೆ ಹೊಡೆದ ಪುಸ್ತಕ,
ಫ್ಲಾಸ್ಕಿನಲ್ಲಿ ಏಲಕ್ಕಿ ಕಾಫಿ.
ಅವರು ಅರಬ್ಬಿಯಲ್ಲಿ ಎಣಿಸುತ್ತಾರೆ, ನಾನು ಕನ್ನಡದಲ್ಲಿ,
ಮೊತ್ತ ಮಾತ್ರ ಇಂಗ್ಲಿಷಿನಲ್ಲಿ ಕೂಡುತ್ತದೆ.

ಬಾಗುಕೊಕ್ಕಿನ ಗೊರವಗಳು.
ನಮ್ಮ ಗುತ್ತಲದ ಕಡೆ ಗೊರವ ಅಂದರೆ
ಕರಡಿಗೂದಲ ಟೊಪ್ಪಿಗೆ, ಡಮರು; ಬಿಲ್ಲೇರಿ ನಿಂತು
‘ಸದ್ದಲೇ’ ಎಂದು ಗದರಿ
ವರ್ಷಕ್ಕೆ ಒಂದೇ ಸಾಲು ನುಡಿದು ಬೀಳುವವನು.
ಆ ಸಾಲಿನ ಅರ್ಥ ಆಮೇಲೆ ಜನರ ಪಾಡು.
ಈ ಗೊರವನಿಗೆ ಡಮರುವಿಲ್ಲ.
ಕೊಕ್ಕು ಕೆಸರಿಗೆ ಹೊಲಿಗೆ ಹಾಕುತ್ತಲೇ ಇದೆ.
ಇವನ ಕಾರಣಿಕ ರೆಕ್ಕೆಯ ಮೇಲೆ:
ಗರಿಯಂಚು ಕೆನೆಬಣ್ಣವಾಗಿ
ಮೀನಿನ ಹುರುಪೆಯಂತೆ ಒಪ್ಪವಾಗಿದ್ದರೆ
ಈ ವರ್ಷ ಹುಟ್ಟಿದ್ದು.
ಸವೆದು ಬೂದಿಯಾಗಿದ್ದರೆ, ಹಳಬ.

ಹೋದ ವರ್ಷ ನೂರಕ್ಕೆ ಮೂವತ್ತು ಎಳೆಯವು.
ಈ ಸಲ ನಾನೂರಾ ಆರರಲ್ಲಿ
ಹನ್ನೊಂದು.

ರೂಮಿನಲ್ಲಿ ಫಕೀರೇಶ, ಈರುಳ್ಳಿ ಹೆಚ್ಚುತ್ತ:
“ಹಕ್ಕಿ ಯಾಕ ಕಡಿಮಿ ಆದ್ವು?”
“ಇಲಿ ಕಡಿಮಿ ಆಗಿರಬೇಕು.”
“ಎಲ್ಲಿ, ಸಲ್ಮಾಬಾದಿನ್ಯಾಗೇನು?”
“ಅಲ್ಲಲೇ, ಸೈಬೀರಿಯಾದ ತುದ್ಯಾಗ. ಗಿಡ ಬೆಳೀದಂಥ ನೆಲದಾಗ.”
ನಕ್ಕ. ತೋಳಿನಿಂದ ಕಣ್ಣೊರೆಸಿಕೊಂಡ.

ಹೇಳಿದೆ. ಲೆಮ್ಮಿಂಗ್ ಅಂತ ಒಂದು ಗುಂಡನೆಯ ಇಲಿ,
ಅದು ತುಂಬಿ ತುಳುಕಿದ ವರ್ಷ
ನರಿಗೆ ಗೂಡಿನ ಗೊಡವೆಯಿಲ್ಲ.
ಇಲಿ ಕೈಕೊಟ್ಟ ವರ್ಷ ಅದೇ ನರಿ
ಚಳಿಗಾಲದ ಬಿಳಿ ಉದುರಿ ಕಂದಾಗಿ
ಪಾಚಿಯನ್ನು ಗೇಣುಗೇಣು ಮೂಸುತ್ತ ಬರುತ್ತದೆ.
ಮೇಲೆ ಸ್ಕುವಾ, ಚೂಪುಬಾಲದ ಕಳ್ಳ.
ಹಿಮ ತಡವಾಗಿ ಕರಗಿದರಂತೂ
ಬರಿನೆಲ ಇಷ್ಟಿಷ್ಟೇ ತೇಪೆ; ಎಲ್ಲರ ಗೂಡೂ ಅಲ್ಲೇ;
ನರಿಗೆ ಹುಡುಕುವ ಕೆಲಸವೂ ಉಳಿಯುವುದಿಲ್ಲ.
ನಾಲ್ಕು ಮೊಟ್ಟೆ, ಚೂಪುತುದಿ ಒಳಮುಖವಾಗಿ,
ನಾಲ್ವರು ತಲೆ ಕೂಡಿಸಿ ಗುಟ್ಟು ಹೇಳಿಕೊಂಡ ಹಾಗೆ.
ಗಂಡು ಆಗಲೇ ದಕ್ಷಿಣಕ್ಕೆ ಹೊರಟಾಗಿದೆ.
ತಾಯಿ ಬೆನ್ನು ಗೂನಿಸಿ, ರೆಕ್ಕೆ ಇಳಿಬಿಟ್ಟು,
ಇಲಿಯ ಹಾಗೆ ಕೀಚುಗುಟ್ಟುತ್ತ ಓಡಿ
ನರಿಯನ್ನು ಗೂಡಿನಿಂದಾಚೆ ಸೆಳೆಯುತ್ತಾಳೆ.
ಮೊಟ್ಟೆ ಉಳಿದು ಮರಿಯಾದರೆ, ಜುಲೈಯಲ್ಲೂ ಒಂದು ಹಿಮಗಾಳಿ:
ಸೊಳ್ಳೆ ಏಳದ ದಿನ ಮರಿಗೆ ಉಪವಾಸ,
ಮೇಯಲು ಹೋದರೆ ಚಳಿ,
ತಾಯಿಯಡಿ ಕೂತರೆ ಹಸಿವು.

ಎಣ್ಣೆ ಕಾಯ್ದಿತ್ತು. ಸಾಸಿವೆ ಸಿಡಿಯಿತು.
“ಅಂದ್ರ,” ಅಂದ ಫಕೀರೇಶ, ಸೌಟು ಹಿಡಿದೇ,
“ಇಲಿ ಇಲ್ಲದ ವರ್ಷ
ಅವ್ವನ ಇಲಿ ಆಗ್ತಾಳ.”
ಆರು ವರ್ಷದಿಂದ ಎಣಿಸುತ್ತಿದ್ದೇನೆ.
ನನಗಿದು ಹೊಳೆದಿರಲಿಲ್ಲ.

ಇವತ್ತು ಬೆಳಗ್ಗೆ ಮತ್ತೆ ಕೊಲ್ಲಿ.
ಮ್ಯಾಂಗ್ರೋವಿನ ಆಚೆ ಸೆಳೆವವೊಂದು ತೂಗಿ ಬಂತು,
ನಾನೂರೂ ಒಟ್ಟಿಗೆ ಎದ್ದವು,
ಒಮ್ಮೆ ಬಿಳಿ, ಒಮ್ಮೆ ಕಪ್ಪು,
ಗಾಳಿಗೆ ಪುಟ ಮಗುಚಿದ ಹಾಗೆ.
ಅದರಲ್ಲಿ ಎಳೆಯದು ಯಾವುದು, ಹಳೆಯದು ಯಾವುದು?
ಹಳಬರು ಆಗಸ್ಟಿನಲ್ಲೇ ಬಂದಿಳಿದಿದ್ದರು.
ಆ ಹನ್ನೊಂದು ಬಂದದ್ದು ಅಕ್ಟೋಬರಿನಲ್ಲಿ, ತಾವಾಗಿ,
ಒಮ್ಮೆಯೂ ಕಂಡಿರದ ಈ ಕೆಸರಿಗೆ,
ದಾರಿ ತೋರುವವರಿಲ್ಲದೆ.

ಇಳಿದ ಮೇಲೆ ಮತ್ತೆ ಎಣಿಸಿದೆವು.
ಹತ್ತು.
ಉಸ್ತಾದರು ಪೆನ್ನು ಎತ್ತಿದರು, ಬರೆಯಲಿಲ್ಲ.
ಇನ್ನೊಮ್ಮೆ ಎಂದು ಬೆರಳು ತೋರಿದರು.
ಹೂತ ಲಾರಿ ಟೈರಿನ ಮರೆಯಲ್ಲಿ ಒಂದು
ಒಂಟಿಗಾಲಲ್ಲಿ, ಕೊಕ್ಕು ಬೆನ್ನಿಗೆ ಸಿಕ್ಕಿಸಿ
ನಿದ್ದೆ ಹೋಗಿತ್ತು. ಕೆನೆಬಣ್ಣದ ಅಂಚು.

ಸದ್ದಲೇ, ಅಂದೆ ಮೆಲ್ಲಗೆ.
ಸಿತ್ರಾ ಹೆದ್ದಾರಿಯಲ್ಲಿ ಯಾರೂ ಕೇಳಿಸಿಕೊಳ್ಳಲಿಲ್ಲ.